ಸಂಜೆಯಾದರೆ ಮೀನುತೊಟ್ಟಿಯ ನೀರು ತಣಿಸುವ ಚಿಲ್ಲರ್ ಮುಷ್ಕರ ಹೂಡುತ್ತದೆ, ಹಗಲು ಸರಿ ಇರುತ್ತದೆ. ಗ್ಯಾಸ್ ಹೋಗಿದೆಯೇ?

ಸಿಗಡಿಮನೆ, ಸಿದ್ದಾಪುರ (ಮಾರ್ಚ್ 4, ರಾತ್ರಿ 10.50)

ಎಲ್ಲರಿಗೂ ನಮಸ್ಕಾರ. ಇದುವರೆಗೆ ಸುಮ್ಮನೆ ಓದಿಕೊಂಡು ಹೋಗುತ್ತಿದ್ದೆ, ಇವತ್ತು ಕೇಳುವ ಗತಿ ಬಂತು.

ತೊಟ್ಟಿ ಮೂರಡಿ ಉದ್ದ, ಅಗಲ ಎತ್ತರ ಎರಡೂ ಒಂದೂವರೆ ಅಡಿ. ಮಣ್ಣು, ಕಲ್ಲು, ಬೇರು ಕಳೆದರೆ ಸುಮಾರು 160 ಲೀಟರ್ ನೀರು. ಒಳಗೆ ನಲವತ್ತರ ಹತ್ತಿರ ಕ್ರಿಸ್ಟಲ್ ರೆಡ್ ಸಿಗಡಿಗಳು, ಒಂದು ಡಜನ್ ವೈಟ್ ಕ್ಲೌಡ್ ಮಿನ್ನೋ ಮೀನು. ಎರಡಕ್ಕೂ 22–23 ಡಿಗ್ರಿ ಹಿತ. ಅದಕ್ಕೆಂದೇ ಹತ್ತನೇ ಒಂದು ಅಶ್ವಶಕ್ತಿಯ ಕಂಪ್ರೆಸರ್ ಚಿಲ್ಲರ್ ತರಿಸಿ ಎರಡು ವರ್ಷವಾಯಿತು. ನೀರು ಶೋಧಿಸುವ ಡಬ್ಬಿ, ಅಂದರೆ ಕ್ಯಾನಿಸ್ಟರ್ ಫಿಲ್ಟರ್‌ನ ನೀರು ಚಿಲ್ಲರ್ ಹಾದು ತೊಟ್ಟಿಗೆ ವಾಪಸು ಬರುತ್ತದೆ. ಎರಡೂ ತೊಟ್ಟಿಯ ಕೆಳಗಿನ ಕಪಾಟಿನಲ್ಲಿವೆ. ಎರಡು ವರ್ಷ ಒಂದು ಮಾತೂ ಆಡದ ಯಂತ್ರ ಇದು.

ಕಳೆದ ವಾರದಿಂದ ಸಂಜೆ ಆರೂವರೆ ದಾಟಿತೆಂದರೆ ಶುರು. ಐದಾರು ಸೆಕೆಂಡು ‘ಗುಂಯ್’ ಎನ್ನುತ್ತದೆ, ‘ಟಕ್’ ಎಂದು ನಿಲ್ಲುತ್ತದೆ. ಎರಡು ಮೂರು ನಿಮಿಷ ಮೌನ. ಮತ್ತೆ ಗುಂಯ್, ಮತ್ತೆ ಟಕ್. ಬೆಳಗಿನ ಜಾವದವರೆಗೆ ಇದೇ ಜಪ. ಬೆಳಗ್ಗೆ ಏನೂ ಆಗದವರಂತೆ ಓಡುತ್ತದೆ. ಆದರೆ ಹಗಲಿನಲ್ಲೂ ಮೊದಲಿನಷ್ಟು ತಣ್ಣಗಾಗುವುದಿಲ್ಲ. ಚಿಲ್ಲರ್‌ನಿಂದ ಬರುವ ನೀರಿಗೆ ಕೈ ಹಿಡಿದರೆ ತೊಟ್ಟಿಯ ನೀರಿನಷ್ಟೇ ಬೆಚ್ಚಗಿದೆ. ಈಗ ನೀರು 28 ಡಿಗ್ರಿ. ನಿನ್ನೆ ಒಂದು, ಇವತ್ತು ಎರಡು ಸಿಗಡಿ ಸತ್ತಿವೆ.

ಪೇಟೆಯಿಂದ ಬಂದ ರಿಪೇರಿಯವರು ಮುಚ್ಚಳ ಕೂಡ ತೆಗೆಯದೆ ‘ಗ್ಯಾಸ್ ಖಾಲಿ, 2800 ರೂಪಾಯಿ’ ಎಂದರು. ತುಂಬಿಸಲೇ?

ಬಾಳೆಲೆ ರೋಬಸ್ಟಾ (ಮಾರ್ಚ್ 4, ರಾತ್ರಿ 11.12)

ಕೊಡಗಿನಲ್ಲಿ ಕೂತು ನೀರು ತಣ್ಣಗೆ ಮಾಡುವ ಯಂತ್ರ ತರಿಸಿದವರನ್ನು ಇವತ್ತೇ ನೋಡಿದ್ದು. ನಮ್ಮ ಅಜ್ಜಿ ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ–ಆಗಸ್ಟ್ ಮಳೆಯಲ್ಲಿ, ಸ್ನಾನದ ನೀರು ಕಾಯಿಸಲು ಅರ್ಧ ತೋಟ ಸುಡುತ್ತಿದ್ದರು. ಅವರಿಗೆ ಇದನ್ನು ಹೇಳಿದರೆ ನಂಬುತ್ತಿರಲಿಲ್ಲ.

ಮಂಜಿನೂರು, ಮಡಿಕೇರಿ (ಮಾರ್ಚ್ 4, ರಾತ್ರಿ 11.20)

ಬಾಳೆಲೆಯವರೇ, ಮಾರ್ಚ್ ತಿಂಗಳಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಸಿದ್ದಾಪುರದಲ್ಲೋ ಕುಶಾಲನಗರದಲ್ಲೋ ಒಂದು ಹೆಂಚಿನ ಮನೆಯೊಳಗೆ ಕೂತು ಆಮೇಲೆ ಹೇಳಿ. ಮಡಿಕೇರಿಯಲ್ಲಿರುವ ನನಗೆ ಚಿಲ್ಲರ್ ಬೇಡ, ನಿಜ. ಜುಲೈನಲ್ಲಿ ಹೀಟರ್ ಬೇಕು. ಹಾಗೆಂದು ಕೊಡಗೆಲ್ಲ ಮಡಿಕೇರಿಯಲ್ಲ.

ಸಿಗಡಿಮನೆ, ಇವತ್ತಿನ ರಾತ್ರಿ ಮೊದಲು ದಾಟಿಸಿ. ತೊಟ್ಟಿಯ ದೀಪ ಆರಿಸಿ, ಮುಚ್ಚಳ ತೆಗೆಯಿರಿ, ಟೇಬಲ್ ಫ್ಯಾನ್ ಅನ್ನು ನೀರಿನ ಮೇಲ್ಮೈಗೆ ಓರೆಯಾಗಿ ಬೀಸುವಂತೆ ಇಡಿ. ಗಾಳಿಪಂಪು ಇದ್ದರೆ ಹಾಕಿ. ಐಸ್ ಅನ್ನು ನೇರವಾಗಿ ನೀರಿಗೆ ಸುರಿಯಬೇಡಿ, ಬಾಟಲಿಯಲ್ಲಿ ಗಟ್ಟಿ ಮಾಡಿ ತೇಲಿಬಿಡಿ. ಗಂಟೆಗೆ ಒಂದು ಡಿಗ್ರಿಗಿಂತ ವೇಗವಾಗಿ ಇಳಿಸಬೇಡಿ. ಸಿಗಡಿಗೆ ಸೆಕೆಗಿಂತಲೂ ದಿಢೀರ್ ಬದಲಾವಣೆ ಕಷ್ಟ.

ಪಾನಾಪಟ್ಟು, ಕುಶಾಲನಗರ (ಮಾರ್ಚ್ 5, ಬೆಳಗ್ಗೆ 6.05)

ಗ್ಯಾಸ್ ತುಂಬಿಸಬೇಡಿ. ಫ್ರಿಜ್ ರಿಪೇರಿಯಲ್ಲಿ ಮೂವತ್ತು ವರ್ಷ ಸವೆಸಿದವನು ಹೇಳುತ್ತಿದ್ದೇನೆ.

ಗ್ಯಾಸ್ ಎಂದರೆ ಸ್ಕೂಟರಿನ ಪೆಟ್ರೋಲ್ ಅಲ್ಲ, ಓಡಿದಂತೆಲ್ಲ ಖರ್ಚಾಗುವುದಿಲ್ಲ. ಬೆಸುಗೆ ಹಾಕಿ ಮುಚ್ಚಿದ ಕೊಳವೆಯೊಳಗೆ ಅದು ಸುತ್ತುತ್ತಲೇ ಇರುತ್ತದೆ. ಎಲ್ಲೋ ಸೋರಿದರೆ ಮಾತ್ರ ಕಡಿಮೆಯಾಗುತ್ತದೆ. ಸೋರಿದ ಜಾಗದಲ್ಲಿ ಸಾಮಾನ್ಯವಾಗಿ ಎಣ್ಣೆಯ ಜಿಡ್ಡು ಕಾಣುತ್ತದೆ. ಗ್ಯಾಸ್ ಕಡಿಮೆಯಾದ ಯಂತ್ರ ‘ಟಕ್’ ಎನ್ನುವುದೂ ಇಲ್ಲ. ಅದು ನಿಲ್ಲದೆ ಓಡುತ್ತದೆ, ಹಗುರವಾಗಿ ಓಡುತ್ತದೆ, ಆದರೆ ತಣ್ಣಗೆ ಮಾಡುವುದಿಲ್ಲ. ನಿಮ್ಮದು ಓಡಲೇ ಒದ್ದಾಡುತ್ತಿದೆ. ಅಲ್ಲದೆ, ಹಗಲು ಇರುವ ಗ್ಯಾಸ್ ಸಂಜೆ ಆರೂವರೆಗೆ ಎಲ್ಲಿಗೆ ವಾಕಿಂಗ್ ಹೋಗುತ್ತದೆ?

ಆ ‘ಗುಂಯ್… ಟಕ್’ ಹೀಗೆ: ಕಂಪ್ರೆಸರ್‌ನ ಮೋಟಾರು ತಿರುಗಲು ಹೊರಡುತ್ತದೆ, ಆಗುವುದಿಲ್ಲ. ತಿರುಗದೆ ನಿಂತ ಮೋಟಾರು ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಹಾಗೆಯೇ ಬಿಟ್ಟರೆ ಸುರುಳಿ ಸುಟ್ಟುಹೋಗುತ್ತದೆ. ಅದಕ್ಕೇ ಪಕ್ಕದಲ್ಲಿ ಬೆರಳಿನ ಗಾತ್ರದ ಓವರ್‌ಲೋಡ್ ಇರುತ್ತದೆ. ಅದರೊಳಗಿನ ಲೋಹದ ತಗಡು ಬಿಸಿಗೆ ಬಾಗಿ ಕರೆಂಟು ಕಡಿದುಬಿಡುತ್ತದೆ. ಆರಿದ ಮೇಲೆ ಮತ್ತೆ ಸೇರಿಸುತ್ತದೆ. ನೀವು ರಾತ್ರಿಯೆಲ್ಲ ಕೇಳುತ್ತಿರುವ ಟಕ್ ಅದೇ. ಅದು ಕಾಯಿಲೆಯಲ್ಲ, ಕಾವಲುಗಾರ. ಆದರೆ ಕಾವಲುಗಾರನೂ ಎಷ್ಟು ದಿನ ತಡೆದಾನು, ಸಂಜೆ ಹೊತ್ತು ಚಿಲ್ಲರ್ ಆರಿಸಿಯೇ ಇಡಿ.

ಇದಕ್ಕೆ ಕಾರಣ ಮೂರ್ನಾಲ್ಕು. ಮೋಟಾರಿಗೆ ಮೊದಲ ನೂಕು ಕೊಡುವ ಸ್ಟಾರ್ಟಿಂಗ್ ರಿಲೇ ಹೋಗಿರಬಹುದು. ಕೆಪಾಸಿಟರ್ ಇದ್ದರೆ ಅದು ಸೊರಗಿರಬಹುದು. ಶಾಖ ಹೊರಗೆ ಹೋಗದೆ ಒಳಗಿನ ಒತ್ತಡ ಏರಿರಬಹುದು. ವೋಲ್ಟೇಜು ಬಿದ್ದಿರಬಹುದು. ಮುಚ್ಚಳ ತೆಗೆದು, ಶಾಖ ಹೊರಗೆ ಬಿಡುವ ರೆಕ್ಕೆ ರೆಕ್ಕೆಯ ಕಂಡೆನ್ಸರ್‌ನ ಫೋಟೊ ಹಾಕಿ. ಅದಕ್ಕೂ ಮೊದಲು ಪ್ಲಗ್ ಕಿತ್ತು ಹತ್ತು ನಿಮಿಷ ಬಿಡಿ. ಇನ್ನೊಂದು ಮಾತು, ಚಿಲ್ಲರ್‌ನ ಹೊರಮೈ ಮುಟ್ಟಿದರೆ ಕೈ ಜುಮ್ ಎನ್ನುತ್ತದೆಯೇ? ಎಂದರೆ ಬೇರೆ ಎಲ್ಲವನ್ನೂ ಬಿಟ್ಟು ಅರ್ಥಿಂಗ್ ಸರಿ ಮಾಡಿಸಿ.

ಗೋಲ್ಡ್‌ಫಿಶ್ ಗೋಣಿಕೊಪ್ಪ (ಮಾರ್ಚ್ 5, ಬೆಳಗ್ಗೆ 8.30)

ಇಷ್ಟೆಲ್ಲ ರಾಮಾಯಣ ಏಕೆ? ಕರೆಂಟು ಕೊಟ್ಟರೆ ಒಂದು ಬದಿ ತಣ್ಣಗೆ, ಇನ್ನೊಂದು ಬದಿ ಬಿಸಿಯಾಗುವ ಪೆಲ್ಟಿಯರ್ ಬಿಲ್ಲೆ ನಾಲ್ಕು ನೂರಕ್ಕೆ ಸಿಗುತ್ತದೆ. 12 ವೋಲ್ಟಿನಲ್ಲಿ ಓಡುತ್ತದೆ, ಸದ್ದೂ ಇಲ್ಲ. ನಾನು ಎರಡು ತಂದಿಟ್ಟಿದ್ದೇನೆ.

ವಿರಾಜಪೇಟೆ ಮೇಡಂ (ಮಾರ್ಚ್ 5, ಬೆಳಗ್ಗೆ 9.15)

ತಂದಿಟ್ಟಿದ್ದೀರಿ, ಸರಿ. ಜೋಡಿಸಿದ್ದೀರಾ? ಪೆಲ್ಟಿಯರ್ ಬಿಲ್ಲೆ ತಾನು ಎಳೆಯುವ ಶಾಖಕ್ಕಿಂತ ಹೆಚ್ಚು ವಿದ್ಯುತ್ತನ್ನು ತಿನ್ನುತ್ತದೆ. ಎರಡನ್ನೂ ಸೇರಿಸಿ ಇನ್ನೊಂದು ಬದಿಯಿಂದ ಹೊರಗೆ ಹಾಕಬೇಕು. ಇಪ್ಪತ್ತು ಲೀಟರಿನ ಪುಟ್ಟ ತೊಟ್ಟಿಗೆ ಆಟವಾಡಬಹುದು. 160 ಲೀಟರಿಗೆ ಅದು ಕೆರೆಗೆ ಉಪ್ಪು ಹಾಕಿದಂತೆ.

ಸಿಗಡಿಮನೆಯವರೇ, ಕೈ ಹಿಡಿದರೆ ನೀರು ಬೆಚ್ಚಗೇ ಇದೆ ಎಂದಿರಲ್ಲ, ಆ ಪರೀಕ್ಷೆಯನ್ನು ನಂಬಬೇಡಿ. ಲೆಕ್ಕ ನೋಡಿ. ನಿಮ್ಮ ಚಿಲ್ಲರ್ 250 ವ್ಯಾಟ್‌ನಷ್ಟು ಶಾಖ ಎಳೆಯುತ್ತದೆ ಎಂದುಕೊಳ್ಳೋಣ. ಗಂಟೆಗೆ 500 ಲೀಟರ್ ನೀರು ಅದರೊಳಗೆ ಹಾದುಹೋದರೆ ಒಳಹೋಗುವ ನೀರಿಗೂ ಹೊರಬರುವ ನೀರಿಗೂ ಅರ್ಧ ಡಿಗ್ರಿಯೂ ಅಂತರ ಇರುವುದಿಲ್ಲ. ಸುಸ್ಥಿತಿಯಲ್ಲಿರುವ ಚಿಲ್ಲರ್ ಕೂಡ ಐಸ್ ನೀರು ಕಕ್ಕುವುದಿಲ್ಲ. ಅದೇ ನೀರನ್ನು ಮತ್ತೆ ಮತ್ತೆ ಸುತ್ತಿಸಿ ಇಳಿಸುತ್ತದೆ. ಹೊರಗಿನ ಶಾಖ ಸೇರದಿದ್ದರೆ 160 ಲೀಟರನ್ನು ಒಂದು ಡಿಗ್ರಿ ಇಳಿಸಲು ಮುಕ್ಕಾಲು ಗಂಟೆ. ಸೆಕೆಗಾಲದ ಮಧ್ಯಾಹ್ನ ಅದರ ಎರಡು ಮೂರು ಪಟ್ಟು ಹಿಡಿದರೂ ಆಶ್ಚರ್ಯವಿಲ್ಲ.

ನೀರಿನ ಹರಿವನ್ನು ಬಕೆಟ್ ಇಟ್ಟು ಅಳೆಯಿರಿ. ಹತ್ತು ಲೀಟರ್ ತುಂಬಲು ಎಷ್ಟು ಸೆಕೆಂಡು ಎಂದು ಹೇಳಿ. ಫಿಲ್ಟರ್ ಡಬ್ಬಿಯ ಮೇಲೆ ಬರೆದ ಅಂಕಿ ಮದುವೆ ಜಾತಕದ ಹಾಗೆ, ಅದನ್ನೇ ನೆಚ್ಚಿಕೊಳ್ಳಬೇಡಿ.

ಹಾಗೆಯೇ ಚಿಲ್ಲರ್‌ನ ಸಂವೇದಕ ಸರಿಯಾಗಿ ಓದುತ್ತಿದೆಯೇ ನೋಡಬೇಕು. ಅದು ಯಂತ್ರದೊಳಗೇ ಇರುವುದರಿಂದ ತೊಟ್ಟಿಯಲ್ಲಿ ಬೇರೊಂದು ಥರ್ಮಾಮೀಟರ್ ಇಟ್ಟು ಹೋಲಿಸಿ. ಆ ಥರ್ಮಾಮೀಟರ್ ಸತ್ಯ ಹೇಳುತ್ತಿದೆಯೇ ಎಂದು ಮೊದಲು ಪುಡಿ ಐಸ್ ಮತ್ತು ನೀರು ಕಲಸಿದ ಲೋಟದಲ್ಲಿ ಪರೀಕ್ಷಿಸಿ, ಸೊನ್ನೆ ತೋರಿಸಬೇಕು. ಕುದಿಯುವ ನೀರಿನಲ್ಲಿ ನೋಡುತ್ತೇನೆ ಎಂದು ಹೋಗಬೇಡಿ. ನಮ್ಮ ಜಿಲ್ಲೆಯಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, ಮಡಿಕೇರಿಯ ಎತ್ತರದಲ್ಲಿ 96ರ ಆಸುಪಾಸಿನಲ್ಲೇ ಕುದಿಯುತ್ತದೆ. ನನ್ನ ವಿದ್ಯಾರ್ಥಿಗಳು ಪ್ರತಿ ವರ್ಷ ‘ಮೇಡಂ, ಥರ್ಮಾಮೀಟರ್ ಕೆಟ್ಟಿದೆ’ ಎಂದು ಓಡಿಬರುತ್ತಾರೆ.

ಸಿಗಡಿಮನೆ (ಮಾರ್ಚ್ 5, ಮಧ್ಯಾಹ್ನ 3.40)

ಫ್ಯಾನ್ ಮತ್ತು ಮೂರು ಐಸ್ ಬಾಟಲಿಗಳಿಂದ ರಾತ್ರಿ ದಾಟಿತು. ಬೆಳಗ್ಗೆ 25.5 ಇತ್ತು. ಹೊಸ ಸಾವು ಇಲ್ಲ.

ಮುಚ್ಚಳ ತೆಗೆದೆ. ಫೋಟೊ ನೋಡಿದರೆ ನಾಚಿಕೆಯಾಗುತ್ತದೆ, ಆದರೂ ಹಾಕಿದ್ದೇನೆ. ಬದಿಯ ಜಾಲರಿ ಬಿಚ್ಚಿದಾಗ ಕಂಡೆನ್ಸರ್ ಕಾಣಲೇ ಇಲ್ಲ. ಅದರ ಮೇಲೆ ಕಂದು ಕಂಬಳಿ ಹೊದಿಸಿದಂತಿತ್ತು. ಉಗುರಿನಿಂದ ಒಂದು ಮೂಲೆ ಎತ್ತಿದರೆ ಇಡೀ ಪದರ ಬಟ್ಟೆಯಂತೆ ಸುಲಿದು ಬಂತು. ಕೈಯಲ್ಲಿ ಹಿಸುಕಿ ನೋಡಿದೆ: ಕಾಫಿ ಸಿಪ್ಪೆಯ ಹೊಟ್ಟು, ಬೆಕ್ಕಿನ ಕೂದಲು, ಒಂದೆರಡು ಜೇಡರ ಕಾಲು. ಮೂಸಿದರೆ ಕಣದ ವಾಸನೆ. ನಮ್ಮ ಒಣಗಿಸುವ ಕಣ ಮನೆಯ ಎದುರೇ ಇದೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಹಣ್ಣು ಹರಡಿ ದಿನಕ್ಕೆ ನಾಲ್ಕು ಸಲ ಕೈಯಾಡಿಸುತ್ತೇವೆ. ಆ ಧೂಳು ಕಿಟಕಿ ದಾಟಿ, ಹಾಲ್ ದಾಟಿ, ಕಪಾಟಿನ ಬಾಗಿಲ ಸಂದಿನಲ್ಲಿ ನುಗ್ಗಿ, ಎರಡು ವರ್ಷ ಇದರೊಳಗೆ ಕೂತಿದೆ.

ಬಕೆಟ್ ಪರೀಕ್ಷೆ: ಹತ್ತು ಲೀಟರಿಗೆ 1 ನಿಮಿಷ 50 ಸೆಕೆಂಡು. ಜುಮ್ ಎನ್ನುವುದಿಲ್ಲ. ಎಣ್ಣೆಯ ಜಿಡ್ಡು ಎಲ್ಲೂ ಇಲ್ಲ.

ಪಾನಾಪಟ್ಟು (ಮಾರ್ಚ್ 5, ಸಂಜೆ 4.25)

ಎರಡು ವರ್ಷ ಮೂಗು ಕಟ್ಟಿಕೊಂಡೇ ದುಡಿದಿದೆ ಪಾಪ.

ಮೃದುವಾದ ಪೇಂಟ್ ಬ್ರಷ್‌ನಲ್ಲಿ ರೆಕ್ಕೆಗಳ ಉದ್ದಕ್ಕೆ ಮೇಲಿನಿಂದ ಕೆಳಗೆ ಎಳೆಯಿರಿ, ಅಡ್ಡ ಎಳೆದರೆ ರೆಕ್ಕೆ ಬಾಗುತ್ತದೆ. ಬಾಗಿದ್ದರೆ ಹಳೆಯ ಟೂತ್‌ಬ್ರಷ್ ಸಾಕು, ಚಾಕು ಮುಟ್ಟಿಸಬೇಡಿ. ಆಮೇಲೆ ಒಳಗಿನಿಂದ ಹೊರಕ್ಕೆ ಗಾಳಿ ಊದಿ. ಸೈಕಲ್ ಪಂಪು ಆದರೂ ನಡೆಯುತ್ತದೆ. ಪೆಟ್ರೋಲ್ ಬಂಕಿನ ಗಾಳಿಗೆ ಒಯ್ಯಬೇಡಿ, ಅದರ ರಭಸಕ್ಕೆ ರೆಕ್ಕೆ ಮಲಗಿಬಿಡುತ್ತವೆ. ಫ್ಯಾನಿನ ಎಲೆಗಳಿಗೂ ಒಂದು ಒರೆಸು.

ಕಪಾಟಿನಿಂದ ಹೊರಗೆ ತೆಗೆಯಿರಿ. ಇದು ಸಲಹೆಯಲ್ಲ, ಅಪ್ಪಣೆ. ಸುತ್ತ ಒಂದಡಿ ಜಾಗ ಬೇಕು.

ವಿರಾಜಪೇಟೆ ಮೇಡಂ (ಮಾರ್ಚ್ 5, ಸಂಜೆ 5.00)

ಅಪ್ಪಣೆಗೆ ಕಾರಣವನ್ನೂ ಸೇರಿಸುತ್ತೇನೆ. ಚಿಲ್ಲರ್ ಶಾಖವನ್ನು ಕೊಲ್ಲುವುದಿಲ್ಲ, ಸಾಗಿಸುತ್ತದೆ. ನೀರಿನಿಂದ 250 ವ್ಯಾಟ್ ಎತ್ತಲು ಇನ್ನೊಂದು 150 ವ್ಯಾಟ್ ತಾನು ಉಣ್ಣುತ್ತದೆ ಎಂದಿಟ್ಟುಕೊಳ್ಳಿ. ಒಟ್ಟು 400 ವ್ಯಾಟ್ ನಿಮ್ಮ ಬಾಗಿಲು ಹಾಕಿದ ಕಪಾಟಿನೊಳಗೆ ಸೇರುತ್ತದೆ. ಇಸ್ತ್ರಿಪೆಟ್ಟಿಗೆಯನ್ನು ಬೀರುವಿನಲ್ಲಿ ಬಿಟ್ಟು ಬಾಗಿಲು ಹಾಕಿದಂತೆ. ಆ ಬಿಸಿ ಮೇಲಿನ ತೊಟ್ಟಿಯ ತಳಕ್ಕೇ ಏರುತ್ತದೆ, ಅದನ್ನು ಇಳಿಸಲು ಚಿಲ್ಲರ್ ಮತ್ತೆ ಓಡಬೇಕು.

ಬಕೆಟ್ ಲೆಕ್ಕದಲ್ಲಿ ನಿಮ್ಮ ಹರಿವು ಗಂಟೆಗೆ 330 ಲೀಟರ್ ಕೂಡ ಇಲ್ಲ. ಫಿಲ್ಟರ್ ಸ್ಪಂಜು ಯಾವಾಗ ಹಿಂಡಿದ್ದಿರಿ?

ಸಿಗಡಿಮನೆ (ಮಾರ್ಚ್ 5, ರಾತ್ರಿ 9.45)

ಸ್ಪಂಜಿನ ವಿಷಯ ಕೇಳಬೇಡಿ. ನವೆಂಬರ್–ಡಿಸೆಂಬರಿನ ಹುತ್ತರಿ ಹಬ್ಬಕ್ಕೆ ಮೊದಲು.

ಈಗ ತೊಟ್ಟಿಯದೇ ನೀರಿನಲ್ಲಿ ಹಿಂಡಿದ್ದೇನೆ. ಹತ್ತು ಲೀಟರಿಗೆ 62 ಸೆಕೆಂಡು. ಚಿಲ್ಲರ್ ಕಪಾಟಿನಿಂದ ಹೊರಬಂದು ಗೋಡೆಯಿಂದ ಒಂದೂವರೆ ಅಡಿ ದೂರ ಕೂತಿದೆ. ಫ್ಯಾನಿನಿಂದ ಬರುವ ಗಾಳಿ ಈಗ ನಿಜಕ್ಕೂ ಬಿಸಿಯಾಗಿದೆ, ಮೊದಲು ಬರೀ ಉಗುರುಬೆಚ್ಚಗಿರುತ್ತಿತ್ತು. ಆರು ಗಂಟೆಗೆ ಹಾಕಿದಾಗ ಒಂದೇ ಸಲಕ್ಕೆ ಶುರುವಾಯಿತು. ಗೆದ್ದೆ ಎಂದುಕೊಂಡೆ.

ಏಳೂಕಾಲಿಗೆ ಗುಂಯ್… ಟಕ್.

ಗೋಲ್ಡ್‌ಫಿಶ್ ಗೋಣಿಕೊಪ್ಪ (ಮಾರ್ಚ್ 5, ರಾತ್ರಿ 9.52)

ಪೆಲ್ಟಿಯರ್.

ನಿರ್ವಾಹಕ (ಮಾರ್ಚ್ 5, ರಾತ್ರಿ 9.58)

ಗೋಣಿಕೊಪ್ಪದವರೇ, ದಯವಿಟ್ಟು.

ಪಾನಾಪಟ್ಟು (ಮಾರ್ಚ್ 5, ರಾತ್ರಿ 10.10)

ಧೂಳು ಅರ್ಧ ಕಾಯಿಲೆ ಅಷ್ಟೇ ಎಂದಾಯಿತು. ಮಲ್ಟಿಮೀಟರ್ ಇದೆಯೇ? ಇಲ್ಲದಿದ್ದರೆ ಪ್ಲಗ್‌ಗೆ ಚುಚ್ಚುವ ಪುಟ್ಟ ವೋಲ್ಟೇಜ್ ಮೀಟರ್ ಮುನ್ನೂರು ರೂಪಾಯಿಯೊಳಗೆ ಸಿಗುತ್ತದೆ. ಹಗಲು ಒಮ್ಮೆ, ಸಂಜೆ ಒಮ್ಮೆ, ಆ ಗುಂಯ್ ಎನ್ನುವ ಕ್ಷಣದಲ್ಲಿ ಒಮ್ಮೆ ನೋಡಿ. ಮೂರನೆಯದೇ ಮುಖ್ಯ.

ಮಂಜಿನೂರು, ಮಡಿಕೇರಿ (ಮಾರ್ಚ್ 6, ಬೆಳಗ್ಗೆ 7.30)

ಮೀಟರ್ ಬರುವವರೆಗೆ ಒಂದು ಪ್ರಶ್ನೆ, ಮೇಡಂ ಇದ್ದರೆ ಉತ್ತರಿಸಲಿ. ಫ್ಯಾನ್ ಮತ್ತು ಮೂರು ಬಾಟಲಿ ಐಸಿನಿಂದ ಅವರಿಗೆ ಎರಡೂವರೆ ಡಿಗ್ರಿ ಇಳಿದಿದೆ. ನಾನು ಹಿಂದೆ ಕುಶಾಲನಗರದಲ್ಲಿದ್ದಾಗ ಜೂನ್ ಕೊನೆಯಲ್ಲಿ ಇದೇ ಫ್ಯಾನ್ ಇಟ್ಟು ಒಂದು ಡಿಗ್ರಿಯೂ ಇಳಿಯಲಿಲ್ಲ. ಏಕೆ?

ವಿರಾಜಪೇಟೆ ಮೇಡಂ (ಮಾರ್ಚ್ 6, ಬೆಳಗ್ಗೆ 8.05)

ಫ್ಯಾನ್ ನೀರನ್ನು ತಂಪು ಮಾಡುವುದಿಲ್ಲ, ಆವಿ ತಂಪು ಮಾಡುತ್ತದೆ. ಫ್ಯಾನ್ ಆವಿಯನ್ನು ಒಯ್ದು ಜಾಗ ಖಾಲಿ ಮಾಡಿಕೊಡುತ್ತದೆ ಅಷ್ಟೇ. ಒಂದು ಲೀಟರ್ ನೀರು ಆವಿಯಾಗಿ ಹೋಗುವಾಗ ಒಯ್ಯುವ ಶಾಖ ಆ 160 ಲೀಟರನ್ನು ಮೂರೂವರೆ ಡಿಗ್ರಿ ಇಳಿಸಬಲ್ಲದು. ಒಂದು ಲೀಟರ್ ಐಸ್ ಕರಗಿದರೆ ಮುಕ್ಕಾಲು ಡಿಗ್ರಿಯೂ ಇಳಿಯುವುದಿಲ್ಲ. ಮೊನ್ನೆ ರಾತ್ರಿ ಅವರನ್ನು ಕಾಪಾಡಿದ್ದು ಐಸ್ ಬಾಟಲಿಗಿಂತ ಹೆಚ್ಚಾಗಿ ನಿಮ್ಮ ಫ್ಯಾನ್.

ಆದರೆ ಗಾಳಿ ಒಣಗಿರಬೇಕು. 30 ಡಿಗ್ರಿ ಸೆಕೆ, ಶೇಕಡಾ 40 ತೇವಾಂಶ ಇರುವ ಮಾರ್ಚ್ ಮಧ್ಯಾಹ್ನ ನೀರು 20ರ ಹತ್ತಿರದವರೆಗೂ ಇಳಿಯಲು ಅವಕಾಶ ಇದೆ. 26 ಡಿಗ್ರಿ, ಶೇಕಡಾ 90 ತೇವಾಂಶ ಇರುವ ಮಳೆಗಾಲದಲ್ಲಿ 24.5ರ ಕೆಳಗೆ ಇಳಿಯಲು ಪ್ರಕೃತಿಯೇ ಬಿಡುವುದಿಲ್ಲ. ಜೂನ್‌ನಲ್ಲಿ ಬಟ್ಟೆ ಒಣಗದಿರುವುದಕ್ಕೂ ನಿಮ್ಮ ಫ್ಯಾನ್ ಸೋತದ್ದಕ್ಕೂ ಕಾರಣ ಒಂದೇ.

ಸಿಗಡಿ ಸಾಕುವವರಿಗೆ ಒಂದು ಎಚ್ಚರಿಕೆ: ಆವಿಯಾಗುವುದು ನೀರು ಮಾತ್ರ, ಅದರಲ್ಲಿ ಕರಗಿದ ಲವಣ ಅಲ್ಲೇ ಉಳಿಯುತ್ತದೆ. ಕಡಿಮೆಯಾದಷ್ಟನ್ನು ಬಾವಿ ನೀರಿನಿಂದ ತುಂಬುತ್ತಾ ಹೋದರೆ ನೀರು ದಿನೇದಿನೇ ಗಡುಸಾಗುತ್ತದೆ. ಆರ್.ಒ. ನೀರೋ ಹಿಡಿದಿಟ್ಟ ಮಳೆನೀರೋ ಹಾಕಿ.

ಗೋಲ್ಡ್‌ಫಿಶ್ ಗೋಣಿಕೊಪ್ಪ (ಮಾರ್ಚ್ 6, ಬೆಳಗ್ಗೆ 8.40)

ತಣ್ಣೀರೇ ಬೇಕೆಂದಿದ್ದರೆ ತೊರೆಯಲ್ಲಿ ಕಲ್ಲಿಗೆ ಅಂಟಿಕೊಂಡಿರುವ ಪುಟ್ಟ ಮೀನುಗಳನ್ನು ಹಿಡಿದು ತಂದು ಸಾಕಬಾರದೇ? ನಮ್ಮದೇ ಊರಿನವು, ಒಗ್ಗಿಕೊಳ್ಳುತ್ತವೆ.

ಮಂಜಿನೂರು, ಮಡಿಕೇರಿ (ಮಾರ್ಚ್ 6, ಬೆಳಗ್ಗೆ 9.00)

ಬೇಡ. ಹೊಳೆಯದು ಹೊಳೆಯಲ್ಲಿರಲಿ. ಒಗ್ಗುವುದೂ ಇಲ್ಲ. ಅವಕ್ಕೆ ಬೇಕಾದದ್ದು ತಂಪಿಗಿಂತ ಹೆಚ್ಚಾಗಿ ಉಸಿರು. ಸಮುದ್ರಮಟ್ಟದಲ್ಲಿ 22 ಡಿಗ್ರಿಯ ನೀರು ಲೀಟರಿಗೆ 8.7 ಮಿಲಿಗ್ರಾಂ ಆಮ್ಲಜನಕ ಹಿಡಿದಿಡುತ್ತದೆ, 30 ಡಿಗ್ರಿಯದು 7.5 ಮಾತ್ರ. ಮಡಿಕೇರಿ 1150 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡವೇ ಎಂಟನೇ ಒಂದು ಭಾಗ ಕಡಿಮೆ, ಆದ್ದರಿಂದ ಆಮ್ಲಜನಕವೂ ಅಷ್ಟು ಕಡಿಮೆ. ತೊರೆಯಲ್ಲಿ ನೀರು ಬಂಡೆಗೆ ಬಡಿದು ಬಡಿದು ಅದನ್ನು ತುಂಬಿಕೊಳ್ಳುತ್ತದೆ. ನಿಮ್ಮ ಹಾಲಿನ ಗಾಜಿನ ಪೆಟ್ಟಿಗೆಯಲ್ಲಿ ಬಂಡೆಯೂ ಇಲ್ಲ, ಬಡಿತವೂ ಇಲ್ಲ.

ಚಿಲ್ಲರ್ ಕೆಟ್ಟ ರಾತ್ರಿ ಗಾಳಿಪಂಪು ಹಾಕಿ ಎಂದದ್ದೂ ಅದಕ್ಕೇ. ಬಿಸಿ ನೀರಿನಲ್ಲಿ ಎಷ್ಟೋ ಜೀವಿಗಳು ಸೆಕೆಯಿಂದಲ್ಲ, ಉಸಿರುಗಟ್ಟಿ ಸಾಯುತ್ತವೆ.

ಸಿಗಡಿಮನೆ (ಮಾರ್ಚ್ 7, ರಾತ್ರಿ 8.20)

ಮೀಟರ್ ತಂದೆ.

ಮಧ್ಯಾಹ್ನ 2ಕ್ಕೆ 219 ವೋಲ್ಟ್. ಸಂಜೆ 6ಕ್ಕೆ 214. ಏಳು ಗಂಟೆಗೆ 168. ಚಿಲ್ಲರ್ ಗುಂಯ್ ಎಂದಾಗ ಅಂಕಿ ಕಣ್ಣೆದುರೇ 141ಕ್ಕೆ ಕುಸಿಯಿತು, ಟಕ್ ಎಂದ ಕೂಡಲೇ ಮತ್ತೆ 168. ಮೂರು ಸಲ ನೋಡಿದೆ, ಮೂರೂ ಸಲ ಹಾಗೆಯೇ. ಹಾಲಿನ ಟ್ಯೂಬ್‌ಲೈಟ್ ಇತ್ತೀಚೆಗೆ ಸಂಜೆ ಹೊತ್ತು ಮಿಟುಕುತ್ತಿತ್ತು. ಹಳೆಯದಾಯಿತು ಎಂದು ಎರಡು ಬದಲಾಯಿಸಿದ್ದೇನೆ, ಮಂಕುಬುದ್ಧಿ.

ವಿರಾಜಪೇಟೆ ಮೇಡಂ (ಮಾರ್ಚ್ 7, ರಾತ್ರಿ 8.35)

ಸಿಕ್ಕಿತಲ್ಲ. ಇಂತಹ ಮೋಟಾರು ಹೊರಡುವಾಗಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ, ಅಂದರೆ ಅದನ್ನು ಅದರಿಂದಲೇ ಗುಣಿಸಿದ್ದಕ್ಕೆ, ಅನುಗುಣ. 230ರ ಜಾಗದಲ್ಲಿ 168 ಎಂದರೆ ನಾಲ್ಕನೇ ಒಂದು ಭಾಗ ಕಡಿಮೆ ಎನಿಸುತ್ತದೆ, ಆದರೆ ಬಲ ಅರ್ಧದ ಹತ್ತಿರಕ್ಕೆ ಇಳಿದಿದೆ. 141ಕ್ಕೆ ಕುಸಿದಾಗ ಶೇಕಡಾ 40ಕ್ಕಿಂತ ಕಡಿಮೆ.

ಪಾನಾಪಟ್ಟು (ಮಾರ್ಚ್ 7, ರಾತ್ರಿ 8.50)

ಅದಕ್ಕೇ ಸಂಜೆ ಆರಕ್ಕೆ ಶುರುವಾದದ್ದು ಏಳೂಕಾಲಿಗೆ ಆಗಲಿಲ್ಲ. ಆರರಿಂದ ಓಡಿ ಒಮ್ಮೆ ನಿಂತಿದೆ. ಮತ್ತೆ ಹೊರಡುವ ಹೊತ್ತಿಗೆ ವೋಲ್ಟೇಜು ಬಿದ್ದಿತ್ತು. ಓಡುತ್ತಿರುವ ಎತ್ತಿಗೆ ಏರು ಕಷ್ಟವಲ್ಲ, ಏರಿನಲ್ಲಿ ನಿಂತ ಗಾಡಿಯನ್ನು ಹೊರಡಿಸುವುದು ಕಷ್ಟ.

ಫ್ರಿಜ್‌ಗೆ ಹಾಕುವ ಸ್ಟೆಬಿಲೈಸರ್ ತನ್ನಿ. 130–135 ವೋಲ್ಟಿನಿಂದ ಕೆಲಸ ಮಾಡುವುದೇ ಬೇಕೆಂದು ಕೇಳಿ, ಟಿ.ವಿ.ಯದ್ದು ಬೇಡ. ಮೂರು ನಿಮಿಷ ತಡೆದು ಕರೆಂಟು ಕೊಡುವ ವ್ಯವಸ್ಥೆ ಅದರಲ್ಲಿರಲಿ. ಕರೆಂಟು ಹೋಗಿ ಮರುಕ್ಷಣವೇ ಬಂದರೆ ಒಳಗಿನ ಒತ್ತಡ ಇನ್ನೂ ಸಮವಾಗಿರುವುದಿಲ್ಲ, ಆಗ ಸರಿಯಾದ ವೋಲ್ಟೇಜಿದ್ದರೂ ಕಂಪ್ರೆಸರ್ ಹೊರಡುವುದಿಲ್ಲ. ನಮ್ಮ ಮಳೆಗಾಲದಲ್ಲಿ ಕರೆಂಟು ಹೇಗೆ ಬಂದು ಹೋಗುತ್ತದೆ ಎಂದು ಹೇಳಬೇಕಾಗಿಲ್ಲ. ಇನ್ವರ್ಟರ್‌ಗೆ ಮಾತ್ರ ಜೋಡಿಸಬೇಡಿ, ಅದರಲ್ಲೂ ಹಳೆಯ ಚೌಕ ತರಂಗದ್ದಕ್ಕೆ. ಇನ್ವರ್ಟರ್‌ನಲ್ಲಿ ಗಾಳಿಪಂಪು ಓಡಲಿ, ಸಾಕು.

ಅಷ್ಟೆಲ್ಲ ಸರಿ. ಆದರೆ ಎರಡು ವರ್ಷ ಇಲ್ಲದ್ದು ಈಗ ಏಕೆ? ಮೂಲ ಗೊತ್ತಾಗದೆ ನನಗೆ ನಿದ್ದೆ ಬರುವುದಿಲ್ಲ.

ಬಾಳೆಲೆ ರೋಬಸ್ಟಾ (ಮಾರ್ಚ್ 7, ರಾತ್ರಿ 9.30)

ಮೊದಲ ದಿನ ಚೇಷ್ಟೆ ಮಾಡಿ ಹೋದವನು, ಈಗ ಒಂದು ಪ್ರಶ್ನೆ ಕೇಳಲು ಬಂದಿದ್ದೇನೆ. ಸಿಗಡಿಮನೆ, ನಿಮ್ಮ ಅಕ್ಕಪಕ್ಕದ ತೋಟದಲ್ಲಿ ಹೂವಿಗೆ ನೀರು ಹೊಡೆಯುತ್ತಿದ್ದಾರೆಯೇ?

ತೋಟದ ಗಂಧವಿಲ್ಲದವರಿಗೆ: ರೋಬಸ್ಟಾ ಕಾಫಿಯ ಮೊಗ್ಗು ಫೆಬ್ರವರಿ–ಮಾರ್ಚ್‌ನಲ್ಲಿ ನೀರಿಗೆ ಕಾದು ಕೂತಿರುತ್ತದೆ. ಹೂಮಳೆ ಹೊತ್ತಿಗೆ ಬಂದರೆ ಸರಿ, ಬಾರದಿದ್ದರೆ ಕೆರೆಯ ನೀರನ್ನು ಸ್ಪ್ರಿಂಕ್ಲರ್ ಜೆಟ್‌ನಲ್ಲಿ ಹೊಡೆಯುತ್ತೇವೆ. ಗಾಳಿ ಇಳಿದ ಮೇಲೆ, ಅಂದರೆ ಸಂಜೆ ಶುರು ಮಾಡಿದರೆ ನೀರು ಸಮನಾಗಿ ಬೀಳುತ್ತದೆ. ಬೆಳಗಿನ ಜಾವದವರೆಗೆ ಪೈಪು ಬದಲಾಯಿಸುತ್ತಾ ಹೋಗುತ್ತೇವೆ. ಒಂದೇ ಟ್ರಾನ್ಸ್‌ಫಾರ್ಮರ್‌ನಲ್ಲಿ ಅಂತಹ ಎರಡು ದೊಡ್ಡ ಮೋಟಾರು ಎದ್ದರೆ ಲೈನಿನ ಕೊನೆಯ ಮನೆಯಲ್ಲಿ ಬಲ್ಬು ಬೆಂಕಿಕಡ್ಡಿಯಂತೆ ಉರಿಯುತ್ತದೆ. ನಮ್ಮಲ್ಲಿ ಮಿಕ್ಸಿ ಕೂಡ ತಿರುಗುವುದಿಲ್ಲ, ಈ ತಿಂಗಳು ಚಟ್ನಿ ಮಧ್ಯಾಹ್ನವೇ ಅರೆದಿಡುತ್ತಾರೆ.

ಸಿಗಡಿಮನೆ (ಮಾರ್ಚ್ 7, ರಾತ್ರಿ 9.48)

ಬಾಗಿಲು ತೆಗೆದು ಜಗುಲಿಗೆ ಹೋಗಿ ನಿಂತೆ. ಚಕ್, ಚಕ್, ಚಕ್, ಚಕ್. ಪಕ್ಕದ ತೋಟದಲ್ಲಿ ಜೆಟ್ ತಿರುಗುತ್ತಿದೆ. ಒಂದು ವಾರದಿಂದ ಪ್ರತಿ ರಾತ್ರಿ ಈ ಸದ್ದನ್ನು ಕೇಳುತ್ತಾ, ಅದರ ನಡುವೆ ಚಿಲ್ಲರ್‌ನ ಟಕ್ ಅನ್ನೂ ಕೇಳುತ್ತಾ ಮಲಗಿದ್ದೇನೆ. ಎರಡನ್ನೂ ಒಟ್ಟಿಗೆ ಯೋಚಿಸಲಿಲ್ಲ.

ಹೋದ ವರ್ಷ ಅವರದು ಡೀಸೆಲ್ ಪಂಪು. ಆಗ ಅದರ ಸದ್ದಿಗೆ ಬೈದುಕೊಳ್ಳುತ್ತಿದ್ದೆ. ಈ ವರ್ಷ ಕರೆಂಟಿನ ಮೋಟಾರು ಹಾಕಿಸಿದ್ದಾರೆ. ನಮ್ಮದು ಲೈನಿನ ಕೊನೆಯ ಮನೆ.

ಪಾನಾಪಟ್ಟು (ಮಾರ್ಚ್ 7, ರಾತ್ರಿ 9.55)

ಮಲಗುತ್ತೇನೆ. ಬಾಳೆಲೆಯವರಿಗೆ ನಮಸ್ಕಾರ.

ಬಾಳೆಲೆ ರೋಬಸ್ಟಾ (ಮಾರ್ಚ್ 7, ರಾತ್ರಿ 10.02)

ಪಕ್ಕದವರ ಜೊತೆ ಜಗಳಕ್ಕೆ ಹೋಗಬೇಡಿ. ಹೂವು ತಪ್ಪಿದರೆ ಅವರ ವರ್ಷದ ಬೆಳೆಯೇ ಹೋಯಿತು. ನಿಮ್ಮ ಲೈನಿನ ವೋಲ್ಟೇಜು ಅಳೆದು ಲಿಖಿತ ದೂರು ಕೊಡಿ. ನಿಮ್ಮ ಮನೆಯ ಫ್ರಿಜ್ಜೂ ಅದೇ ಲೈನಿನಲ್ಲಿದೆ ಎಂಬುದು ನೆನಪಿರಲಿ.

ಸಿಗಡಿಮನೆ (ಮಾರ್ಚ್ 10, ಬೆಳಗ್ಗೆ 7.15)

ಸ್ಟೆಬಿಲೈಸರ್ ಎರಡು ಸಾವಿರದ ಆಸುಪಾಸಿನಲ್ಲಿ ಸಿಕ್ಕಿತು. ನಿನ್ನೆ ರಾತ್ರಿ ಲೈನಿನಲ್ಲಿ 166 ಇದ್ದಾಗ ಚಿಲ್ಲರ್‌ಗೆ 208 ಕೊಡುತ್ತಿತ್ತು. ಒಂದು ಸಲವೂ ಟಕ್ ಇಲ್ಲ. ಬೆಳಗ್ಗೆ ತೊಟ್ಟಿ 23.2. ಥರ್ಮಾಮೀಟರನ್ನು ಐಸ್ ಲೋಟದಲ್ಲಿ ನೋಡಿದೆ, ಸೊನ್ನೆಗೆ ಕೂದಲೆಳೆ ಮೇಲೆ. ಚಿಲ್ಲರ್ ಮಾತ್ರ ಅರ್ಧ ಡಿಗ್ರಿ ಕಡಿಮೆ ಓದುತ್ತದೆ, ಅಷ್ಟನ್ನು ಲೆಕ್ಕಕ್ಕೆ ಹಿಡಿದು 22.5ಕ್ಕೆ ಇಟ್ಟಿದ್ದೇನೆ. ಕಂಡೆನ್ಸರ್‌ನ ಮುಂದೆ ಹಳೆಯ ಸೊಳ್ಳೆಪರದೆಯ ತುಂಡು ಕಟ್ಟಿದ್ದೇನೆ, ವಾರಕ್ಕೊಮ್ಮೆ ಕೊಡವಿದರೆ ಸಾಕು.

ಪಾನಾಪಟ್ಟು (ಮಾರ್ಚ್ 10, ಬೆಳಗ್ಗೆ 7.40)

ಸೊಳ್ಳೆಪರದೆ ಒಂದೇ ಪದರ ಇರಲಿ. ಎರಡು ಮಡಿಸಿ ಕಟ್ಟಿದರೆ ಮತ್ತೆ ಮೂಗು ಮುಚ್ಚಿದಂತೆಯೇ. ಕಣದಲ್ಲಿ ಹಣ್ಣು ಹರಡುವ ಮೂರು ತಿಂಗಳು ದಿನಾ ಕೊಡವಿ.

ಗೋಲ್ಡ್‌ಫಿಶ್ ಗೋಣಿಕೊಪ್ಪ (ಮಾರ್ಚ್ 13, ರಾತ್ರಿ 9.05)

ಪೆಲ್ಟಿಯರ್ ಜೋಡಿಸಿದೆ. ಆರು ಗಂಟೆ ಓಡಿಸಿದ ಮೇಲೆ ತೊಟ್ಟಿ 0.3 ಡಿಗ್ರಿ ಇಳಿಯಿತು, ಕೋಣೆ ಒಂದು ಡಿಗ್ರಿ ಏರಿತು. ಯಾರೂ ಏನೂ ಹೇಳಬೇಡಿ.

ಸಿಗಡಿಮನೆ (ಮಾರ್ಚ್ 21, ರಾತ್ರಿ 10.30)

ಇವತ್ತು ನಾಲ್ಕು ಗಂಟೆಗೆ ಮೋಡ ಕಟ್ಟಿ ಒಂದೂಕಾಲು ಇಂಚು ಸುರಿಯಿತು. ಸಂಜೆ ಜಗುಲಿಯಲ್ಲಿ ಕೂತರೆ ಕಪ್ಪೆಯ ಸದ್ದು ಬಿಟ್ಟರೆ ಬೇರೇನಿಲ್ಲ. ಪಕ್ಕದ ತೋಟದಲ್ಲಿ ಜೆಟ್ ನಿಂತಿದೆ. ಎಂಟು ಗಂಟೆಗೆ ಮೀಟರ್ ನೋಡಿದೆ: 221. ಪರೀಕ್ಷೆಗೆಂದು ಸ್ಟೆಬಿಲೈಸರ್ ತಪ್ಪಿಸಿ, ಐದು ನಿಮಿಷ ಬಿಟ್ಟು, ಚಿಲ್ಲರನ್ನು ನೇರ ಗೋಡೆಯ ಪ್ಲಗ್‌ಗೆ ಚುಚ್ಚಿದೆ. ಒಂದೇ ಸಲಕ್ಕೆ ಹೊರಟಿತು.

ಎರಡು ಹೆಣ್ಣು ಸಿಗಡಿಗಳ ಹೊಟ್ಟೆಯ ಕೆಳಗೆ ಮೊಟ್ಟೆ ಕಾಣುತ್ತಿದೆ.

ಬಾಳೆಲೆ ರೋಬಸ್ಟಾ (ಮಾರ್ಚ್ 21, ರಾತ್ರಿ 10.41)

ನಿಮಗೆ ಒಂದೂಕಾಲು, ನಮಗೆ ಹನಿಯಿಲ್ಲ. ನಾಳೆ ಸಂಜೆ ನಮ್ಮ ಮೋಟಾರು ಏಳುತ್ತದೆ. ಸ್ಟೆಬಿಲೈಸರ್ ಮಾರುವುದಿದ್ದರೆ ಹೇಳಿ, ಮಿಕ್ಸಿಗೆ ಬೇಕು.

ಸಿಗಡಿಮನೆ (ಮಾರ್ಚ್ 21, ರಾತ್ರಿ 10.44)

ಮಾರುವುದಿಲ್ಲ. ಮುಂದಿನ ಮಾರ್ಚ್ ಬರುತ್ತದೆ.